ರಷ್ಯಾದ ಹಾಡಿನೊಳಗಿನ ಅಮ್ಮ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮರೆತು ಅಲ್ಲ, ಬೇಕೆಂತಲೇ ಬಿಟ್ಟದ್ದು. ಹಾಗೆ ನೋಡಿದರೆ ಸಿದ್ಧಕಟ್ಟೆಯಿಂದ ಮೂಡುಬಿದಿರೆಯವರೆಗೆ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆಯೇ. ಎದುರಿಗೆ 'ಸೌಂಡ್ಸಿನವರೇ' ಅನ್ನುತ್ತಿದ್ದರು, ಬೆನ್ನ ಹಿಂದೆ 'ರಷ್ಯಾ' ಅನ್ನುತ್ತಿದ್ದರು. "ಮೈಕಿಗೆ ಯಾರು?" ಎಂದು ಕೇಳಿದರೆ "ರಷ್ಯಾಕ್ಕೆ ಹೇಳಿ ಆಗಿದೆ" ಎಂಬ ಉತ್ತರ. ಹೊಸಬರು ಕೇಳಿದರೆ ಬಂಟ್ವಾಳ ತಾಲೂಕಿನ ಮದುವೆಗಳಿಗೆಲ್ಲ ವಿದೇಶದಿಂದ ಮೈಕು ಬರುತ್ತದೆಂದು ತಿಳಿಯಬೇಕು.

ನಾನು ಹೈಸ್ಕೂಲಿನ ಕನ್ನಡ ಟೀಚರ್. ಆದರೆ ಊರು ನನ್ನನ್ನು ಗುರುತಿಸುವುದು ನಿರೂಪಣೆಯಿಂದ. ಶಾಲೆಯ ವಾರ್ಷಿಕೋತ್ಸವ, ಸನ್ಮಾನ, ಮದುವೆ, ನಮ್ಮ ಇಗರ್ಜಿಯ ಹಬ್ಬದ ಸಭೆ, ಎಲ್ಲಿ ವೇದಿಕೆ ಉಂಟೋ ಅಲ್ಲಿ ನಾನು. ಎಲ್ಲಿ ನಾನೋ ಅಲ್ಲಿ, ವೇದಿಕೆಯ ಬಲಬದಿಯಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರು. ಸುಮಾರು ವರ್ಷ ನಾವಿಬ್ಬರು ಹೀಗೆ ಒಟ್ಟಿಗೆ ದುಡಿದೆವು. ನಾನು ಮಾತಾಡುವುದು, ಅವರು ಕೇಳುವುದು. ನನ್ನ ಸ್ವರವನ್ನು ನನ್ನ ಗಂಡನೂ ಅಷ್ಟು ಗಮನ ಕೊಟ್ಟು ಕೇಳಿದ್ದಿಲ್ಲ ಎಂದು ನಾನು ಹೇಳುವುದುಂಟು. ಗಂಡನೂ ಅದನ್ನು ಒಪ್ಪುತ್ತಾರೆ.

ಏಪ್ರಿಲಿನ ಸೆಕೆಯಲ್ಲೂ ಅವರ ತಲೆಯ ಮೇಲೆ ಒಂದು ಉಣ್ಣೆಯ ಟೊಪ್ಪಿ. ಕಪ್ಪು ಬನಿಯನ್ನಿನ ಎದೆಯ ಮೇಲೆ ಬಿಳಿ ಬಣ್ಣದಲ್ಲಿ ಎಂತದೋ ಬೇರುಗಳು ಒಂದಕ್ಕೊಂದು ಸುತ್ತಿಕೊಂಡ ಚಿತ್ರ. ಮಡಂತ್ಯಾರಿನಲ್ಲಿ ಒಮ್ಮೆ ಒಬ್ಬ ಅಡಿಕೆ ಬೆಳೆಗಾರರು ಹತ್ತಿರ ಬಂದು, "ಇದು ಯಾವ ನರ್ಸರಿಯದ್ದು ಮಾರಾಯ್ರೆ? ಸಸಿ ಒಳ್ಳೇದುಂಟಾ?" ಎಂದು ಕೇಳಿದ್ದರು. "ನರ್ಸರಿ ಅಲ್ಲ, ಹಾಡಿನ ತಂಡದ ಹೆಸರು. ರಷ್ಯನ್ ಅಕ್ಷರ" ಎಂದರು ಇವರು. "ಓದಲಿಕ್ಕೇ ಆಗುವುದಿಲ್ಲವಲ್ಲ?" "ರಷ್ಯಾದವರಿಗೂ ಆಗುವುದಿಲ್ಲ" ಎಂದು ಹೇಳಿ ವಯರ್ ಸುತ್ತಲು ತೊಡಗಿದರು. ಅಷ್ಟೂ ಮಾತು ಪಿಸುದನಿಯಲ್ಲಿ. ಅವರ ಗಂಟಲು ಹಾಗೆಯೇ ಇತ್ತು, ಒಣಗಿದ ತೆಂಗಿನ ಗರಿ ನೆಲದಲ್ಲಿ ಎಳೆದ ಹಾಗೆ. ರಷ್ಯಾಕ್ಕೆ ಡಾಕ್ಟರಾಗಲು ಹೋದವನು ಸ್ವರವನ್ನು ಅಲ್ಲೇ ಬಿಟ್ಟು ಬಂದ ಎಂದು ಊರವರು ಹೇಳುತ್ತಿದ್ದರು. ಬೇರೆ ಸೌಂಡ್ಸಿನವರ ಹಾಗೆ 'ಹಲೋ ಮೈಕ್ ಟೆಸ್ಟಿಂಗ್' ಅಂದವರೇ ಅಲ್ಲ. ಬೆರಳಿನಿಂದ ಮೈಕನ್ನು ಒಮ್ಮೆ ತಟ್ಟುವುದು, ಸ್ಪೀಕರಿನ ಪೆಟ್ಟಿಗೆಗೆ ಕಿವಿ ಇಟ್ಟು ಕಣ್ಣು ಮುಚ್ಚುವುದು, ಅಷ್ಟೆ.

ಅವರಿಗೊಂದು ಮಾತಿತ್ತು. "ಮೈಕಿನ ಎದುರು ಸುಳ್ಳು ಹೇಳಿದರೆ ನನಗೆ ಗೊತ್ತಾಗ್ತದೆ ಟೀಚರ್. ಉಸಿರು ಗಿಡ್ಡ ಆಗ್ತದೆ." ಯಾರೋ ಪುಢಾರಿಯನ್ನು ನಾನು 'ಜನಾನುರಾಗಿ, ಕೊಡುಗೈ ದಾನಿ' ಎಂದು ಹೊಗಳುತ್ತಿರುವಾಗ ಓರೆಗಣ್ಣಿನಲ್ಲಿ ನೋಡಿದರೆ ಇವರು ಹೆಡ್‌ಫೋನಿನೊಳಗೆ ನಗುತ್ತಿರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು.

ಸ್ಪೀಕರು ಕಟ್ಟಿ ಆದ ಮೇಲೆ ಪರೀಕ್ಷೆಗೆಂದು ಅವರು ಹಾಕುತ್ತಿದ್ದದ್ದು ಒಂದೇ ಹಾಡು. ಹಾಡು ಎಂದರೆ ಹಾಡೇ? ಸಾಯ್ಬಾ ದೇವಾ! ಮೊದಲು ಗಾಳಿ. ನಂತರ ತುಟಿಗಿಟ್ಟು ನುಡಿಸುವ ಮೋರ್ಸಿಂಗಿನಂಥ ಒಂದು ವಾದ್ಯ, ಒಂದು ಕೊಳಲು. ಕೇಳಲು ಚಂದವೇ. ಅಷ್ಟರಲ್ಲಿ ನೂರು ಪಿಟೀಲು ಒಟ್ಟಿಗೆ ಎದ್ದ ಹಾಗೆ ಕೀಬೋರ್ಡು, ತಗಡಿನ ಮಾಡಿಗೆ ಆಲಿಕಲ್ಲು ಬಿದ್ದಂತೆ ಡ್ರಮ್ಮು, ಅದರ ಮೇಲೆ ಒಬ್ಬ ಗಂಡಸು ಕಿರುಚುವುದು. ಹಿಂದಿನಿಂದ ದೊಡ್ಡ ಗುಂಪೊಂದು ಇಗರ್ಜಿಯಲ್ಲಿ ಹಾಡುವ ಹಾಗೆ ದನಿ ಎತ್ತುವುದು. ಸಿಂಫೊನಿಕ್ ಬ್ಲ್ಯಾಕ್ ಮೆಟಲ್ ಎನ್ನುತ್ತಾರಂತೆ ಅದಕ್ಕೆ. "ಅತಿ ತಗ್ಗಿನ ಸ್ವರದಿಂದ ಅತಿ ಎತ್ತರದ್ದರವರೆಗೆ ಇದರಲ್ಲಿ ಎಲ್ಲ ಉಂಟು. ಇದು ಸರಿ ಕೇಳಿದರೆ ಲೋಕದಲ್ಲಿ ಯಾರ ಭಾಷಣ ಬೇಕಾದರೂ ಸರಿ ಕೇಳ್ತದೆ" ಎಂಬುದು ಅವರ ಲೆಕ್ಕ.

ನಾನು ಕ್ರಿಸ್ತುವಳಲ್ಲವೇ, ನನಗೆ ಹೆದರಿಕೆ. ಇಂಥ ಹಾಡಿನವರು ಇಗರ್ಜಿಗೆ ಆಗದವರು ಎಂದು ಎಲ್ಲೋ ಓದಿದ್ದೆ. "ನೋಡಿ, ದೇವರನ್ನು ಬೈಯುವ ಹಾಡಾದರೆ ನಮ್ಮ ಸ್ಟೇಜಿನ ಹತ್ತಿರ ಬೇಡ" ಎಂದೆ.

"ಇದರಲ್ಲಿ ಬೈಗುಳ ಇಲ್ಲ ಟೀಚರ್, ಚಳಿ ಉಂಟು ಅಷ್ಟೆ" ಎಂದರು ಅವರು. ಒಂದು ಗುಂಡಿ ತಿರುಗಿಸುತ್ತಾ ಸೇರಿಸಿದರು: "ಮತ್ತೆ ಅವರ ಊರಿನ ಹಳೇ ದೈವಗಳು. ಇಗರ್ಜಿ ಬರುವ ಮೊದಲಿನವು. ಕಾಡು, ಹಿಮ, ಸತ್ತ ಅಜ್ಜಂದಿರು. ಅವರಲ್ಲಿ ಒಂದು ದೈವ ದನಗಳನ್ನೂ ಕಾಯ್ತದೆ, ಸತ್ತವರನ್ನೂ ಕಾಯ್ತದೆ."

ಇದನ್ನು ಅವರು ಮನೆಯಲ್ಲಿ ದೊಡ್ಡಮ್ಮನಿಗೂ ಹೇಳಿದ್ದರಂತೆ. ಆ ಮುದುಕಿ, "ದನ ಕಾಯುವ ದೈವ ನಮ್ಮಲ್ಲೂ ಉಂಟು. ಅದಕ್ಕೆ ವಿಮಾನ ಹತ್ತಿ ಅಷ್ಟು ದೂರ ಹೋಗಬೇಕಿತ್ತಾ?" ಎಂದು ಕೇಳಿದರಂತೆ.

ಆ ಹಾಡನ್ನು ಅವರು ಯಾವತ್ತೂ ಕೊನೆಯವರೆಗೆ ಬಿಡುತ್ತಿರಲಿಲ್ಲ. ಅರ್ಧಕ್ಕೆ ಬಂದಾಗ ಟಕ್ಕನೆ ನಿಲ್ಲಿಸಿಬಿಡುತ್ತಿದ್ದರು. ಮಿಜಾರಿನ ಕಾಲೇಜು ಮೈದಾನದಲ್ಲಿ ಒಂದು ಬೆಳಿಗ್ಗೆ, ಕ್ರೀಡಾಕೂಟದ ಉದ್ಘಾಟನೆಗೆ ಮೊದಲು, ಜನರೇಟರಿನವನು ಕರೆದನೆಂದು ಅವರು ಎದ್ದು ಹೋದರು. ಹಾಡು ಮುಂದುವರಿಯಿತು. ಡ್ರಮ್ಮು, ಕಿರುಚಾಟ ಎಲ್ಲ ಒಮ್ಮೆಲೇ ನಿಂತಿತು. ಹಿಮದ ಮೇಲೆ ಯಾರೋ ನಡೆಯುವ ಸದ್ದು. ಆಮೇಲೆ ಬಹಳ ದೂರದಿಂದ, ಫೋನಿನಲ್ಲಿ ಬಂದ ಹಾಗೆ ಕರಕರ ಎನ್ನುತ್ತಾ, ಒಬ್ಬ ಹೆಂಗಸಿನ ಸ್ವರ:

"ತನಿಯಪ್ಪಜ್ಜೇರೇ... ದೂಮಕ್ಕೇ... ಐತಪ್ಪ ಮಾಮಾ... ಒಣಸ್‌ಗ್ ಬಲೇ..."

ತುಳು! ಊಟಕ್ಕೆ ಬನ್ನಿ ಎಂದು ಕರೆಯುವುದು. ಖಾಲಿ ಮೈದಾನದಲ್ಲಿ ನಾನೊಬ್ಬಳೇ ನಿಂತಿದ್ದೆ. ಬೆಳಗಿನ ಬಿಸಿಲಿನಲ್ಲೂ ನನ್ನ ಕೈಯ ರೋಮವೆಲ್ಲ ಎದ್ದಿತು. ಗ್ಯಾಲರಿಯ ಮೇಲೆ ಎಲ್ಲಿಂದಲೋ ಕಾಗೆಗಳು ಬಂದು ಕೂತವು, ಒಂದೂ ಕೂಗಲಿಲ್ಲ. ಅವರು ಓಡಿ ಬಂದು ಗುಂಡಿ ಒತ್ತಿದರು. ಮುಖ ಬಿಳಿಚಿಕೊಂಡಿತ್ತು.

"ಯಾರದು?" ಎಂದೆ.

"ನನ್ನ ಅಮ್ಮ" ಎಂದರು.

ಕಥೆ ಹೀಗೆ. ವೋಲ್ಗಾ ನದಿಯ ದಂಡೆಯ ಒಂದು ಊರಿನಲ್ಲಿ ಅವರು ಮೆಡಿಕಲ್ ಓದುತ್ತಿದ್ದಾಗ ಜತೆಯಲ್ಲಿ ಕೋಣೆ ಹಂಚಿಕೊಂಡಿದ್ದವನು ಅಲ್ಲಿಯ ಒಬ್ಬ ಗಡ್ಡದ ಹುಡುಗ. ಅವನದ್ದೊಂದು ಹಾಡಿನ ತಂಡ. ಕಿರುಚುವವನು ತಂಡ ಬಿಟ್ಟು ಹೋದಾಗ ಇವರೇ ಆ ಜಾಗಕ್ಕೆ ನಿಂತರು. ಸಿದ್ಧಕಟ್ಟೆಯ ಹುಡುಗ ರಷ್ಯನ್ ಭಾಷೆಯಲ್ಲಿ ಹಿಮದ ದೈವಗಳನ್ನು ಕಿರುಚಿ ಕರೆಯುವುದು! ಗಂಟಲು ಹೋದದ್ದು ಹಾಗೆ. ನಾನು ವರ್ಷಗಟ್ಟಲೆ 'ಯಾರಪ್ಪ ಈ ಪಿಶಾಚಿ' ಎಂದು ಬೈದುಕೊಂಡು ಕೇಳಿದ ಆ ಕಿರುಚಾಟ ನನ್ನ ಬಲಬದಿಯಲ್ಲಿ ಕೂತು ಪಿಸುಗುಟ್ಟುವ ಇವರದ್ದೇ.

ಇನ್ನು ಅಮ್ಮನ ಸ್ವರ. ಆಟಿ ತಿಂಗಳಿನಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ನಮ್ಮ ಕಡೆಯ ತುಳುವರ ಮನೆಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮ ಉಂಟು. ಮುಸ್ಸಂಜೆಗೆ ಒಂದು ಕೋಣೆಯಲ್ಲಿ ಬಾಳೆಲೆ ಹಾಕಿ, ಕೋಳಿ, ಕಡುಬು ಎಲ್ಲ ಬಡಿಸಿ, ಮನೆಯ ಸತ್ತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹೇಳಿ ಕರೆಯುವುದು. ಬಾಗಿಲು ಹಾಕಿ ಎಲ್ಲರೂ ಹೊರಗೆ ಮಾತಿಲ್ಲದೆ ಕೂರುವುದು. ಅವರು ಉಂಡಿರಬಹುದು ಎಂದಾದ ಮೇಲೆ ಬಾಗಿಲು ತೆರೆದು, "ಉಂಡಾಯಿತಲ್ಲ, ಇನ್ನು ಹೊರಡಿ" ಎಂದು ಕಳಿಸಿಕೊಡುವುದು. ಮನೆಯಿಂದ ಮನೆಗೆ ಕ್ರಮ ಸ್ವಲ್ಪ ಬೇರೆ ಇರಬಹುದು, ಇದು ಅವರ ಮನೆಯದ್ದು. ಮಗ ರಷ್ಯಾದಲ್ಲಿ, ಇರುವವನು ಒಬ್ಬನೇ ಮಗ. ಅವನೂ ಇದ್ದ ಹಾಗೆ ಆಗಲಿ ಎಂದು ಅಮ್ಮ ಒಂದು ವರ್ಷ ಫೋನು ಹಚ್ಚಿಟ್ಟುಕೊಂಡೇ ಕರೆದರಂತೆ. ಅಲ್ಲಿ ಕೋಣೆಯಲ್ಲಿ ಗಡ್ಡದವನ ರೆಕಾರ್ಡಿಂಗು ಚಾಲೂ ಇತ್ತು. ಎಂತ ಎಂದು ಅವನು ಕೇಳಿದ, ಇವರು ಹೇಳಿದರು. ಅವನ ಕಣ್ಣಲ್ಲಿ ನೀರು ಬಂತಂತೆ. ಅವನ ಅಜ್ಜಿಯ ಹಳ್ಳಿಯಲ್ಲೂ ಮೇಜಿನ ಮೇಲೆ ಒಂದು ಚಮಚ ಹೆಚ್ಚು ಇಟ್ಟು ಸತ್ತ ಅಜ್ಜಂದಿರನ್ನು ಊಟಕ್ಕೆ ಕರೆಯುತ್ತಿದ್ದರಂತೆ. ಅಷ್ಟಾಗುವಾಗ ಇಲ್ಲಿ ಗಾಳಿಮಳೆಗೆ ನೆಟ್‌ವರ್ಕ್ ಹೋಯಿತು. ಕರೆದದ್ದು ಸಿಕ್ಕಿತು, ಕಳಿಸಿಕೊಟ್ಟದ್ದು ಸಿಕ್ಕಲಿಲ್ಲ.

ಗಡ್ಡದವನು ಅದನ್ನು ಹಾಡಿನ ನಡುವಿಗೆ ಇಟ್ಟ. ಅದೇ ಚಳಿಗಾಲದಲ್ಲಿ ಅಮ್ಮ ತೀರಿಕೊಂಡರು. ಇವರು ದಾರಿ ಮಾಡಿಕೊಂಡು ಊರಿಗೆ ಮುಟ್ಟುವಾಗ ಉತ್ತರಕ್ರಿಯೆ ಮುಗಿದಿತ್ತು. ಮತ್ತೆ ರಷ್ಯಾಕ್ಕೆ ಹೋಗಲಿಲ್ಲ. ಅಮ್ಮನ ಸ್ವರ ಎಂದು ಲೋಕದಲ್ಲಿ ಉಳಿದದ್ದು ಆ ಹಾಡಿನೊಳಗೆ ಮಾತ್ರ.

ಒಂದು ಕ್ರಮ ಮಾತ್ರ ಮಗನಿಗೆಂದು ಬಾಕಿ ಇತ್ತು. ಸತ್ತವರು ಸತ್ತ ಕೂಡಲೇ ಹಿರಿಯರ ಸಾಲಿಗೆ ಸೇರುವುದಿಲ್ಲವಂತೆ. ಮನೆಯವರು ಹೆಸರು ಹೇಳಿ 'ಒಳಗೆ ಬಾ' ಎಂದು ಕರೆಯಬೇಕು. ಕರೆಯುವವರೆಗೆ ಅವರು ಹೊರಗೆ, ಅಂಗಳದ ಬದಿಯಲ್ಲಿ, ಉಣ್ಣದೆ ನಿಂತಿರುತ್ತಾರೆ. ಹೆತ್ತವರನ್ನು ಕರೆಯಬೇಕಾದವರು ಮಕ್ಕಳು. ಹಿರಿಯರು ಕಿರಿಯರನ್ನು ಸತ್ತವರ ಸಾಲಿಗೆ ಕರೆದರೆ ಶಾಪ ಕೊಟ್ಟ ಹಾಗೆ, ಹಾಗಾಗಿ ಅಮ್ಮನ ಅಕ್ಕನಾದ ದೊಡ್ಡಮ್ಮ ಕರೆಯುವಂತಿಲ್ಲ. ಉಳಿದದ್ದು ಇವರೊಬ್ಬರೇ. ಇವರು ಕರೆಯಲಿಲ್ಲ.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ದೊಡ್ಡಮ್ಮ. ಬೆಳ್ತಂಗಡಿ ಕಡೆಗೆ ಮದುವೆಯಾಗಿ ಹೋಗಿ, ಗಂಡ ತೀರಿದ ಮೇಲೆ ತಂಗಿಯ ಮಗನ ಜತೆ ಇರಲು ಬಂದವರು. ಮುಖ್ಯರಸ್ತೆಗೆ ತಾಗಿಕೊಂಡ ತಾರಸಿ ಮನೆ, ಅರ್ಧ ಮನೆ ಸ್ಪೀಕರುಗಳದ್ದೇ ಗೋಡೌನು. ದೊಡ್ಡಮ್ಮನಿಗೆ ಕಿವಿ ಮಂದ. "ಈ ಪೆಟ್ಟಿಗೆಗಳು ನನ್ನ ಕಿವಿ ತಿಂದವು" ಎಂದು ಅವರು ಹೇಳುವುದು. ನಾನು ಕಾರ್ಯಕ್ರಮದ ವಿಷಯ ಮಾತಾಡಲು ಹೋದಾಗಲೆಲ್ಲ ಚಾ ಕೊಟ್ಟು ಎದುರಿಗೆ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಟೀಚರ್, ನಿಮಗೆ ಗೊತ್ತುಂಟಾ ಇವನು ಎಂತ ಮಾಡ್ತಾನೆ ಅಂತ? ಪ್ರತಿ ಆಟಿಗೂ ಆ ಹಾಡು ಹಾಕ್ತಾನೆ. ನನ್ನ ತಂಗಿಯೇ ಎಲ್ಲರನ್ನೂ ಕರೀತಾಳೆ. ಅಜ್ಜ ಬರ್ತಾರೆ, ದೂಮಕ್ಕ ಬರ್ತಾಳೆ, ಎಲ್ಲ ಬಂದು ಉಣ್ತಾರೆ. ಕರೆದವಳು ಮಾತ್ರ ಹೊರಗೆ. ಅವಳ ಹೆಸರು ಅವಳೇ ಕರೀಲಿಕ್ಕೆ ಆಗ್ತದಾ? ಬಡಿಸಿದವಳಿಗೇ ಊಟ ಇಲ್ಲ."

"ನೀವು ಹೇಳಬಾರದಾ ಅವರಿಗೆ?" ಎಂದು ಕಿರುಚಿದೆ. ಅವರ ಹತ್ತಿರ ಮಾತಾಡುವುದೆಂದರೆ ಕಿರುಚುವುದೇ.

"ಹೇಳಿ ಹೇಳಿ ನನ್ನ ಹಲ್ಲು ಬಿತ್ತು. ಸ್ವರ ಇಲ್ಲ ಅಂತಾನೆ. ಸ್ವರ ಇಲ್ಲದವನು ಆ ಹಾಡಿನಲ್ಲಿ ಹಾಗೆ ಬೊಬ್ಬೆ ಹೊಡೆದದ್ದು ಹೇಗೆ?"

ಗೋಡೌನಿನಿಂದ ವಯರು ಎಳೆಯುವ ಸದ್ದು ನಿಂತಿತು. ಅವರಿಗೆ ಎಲ್ಲ ಕೇಳಿತ್ತು. ಹೊರಗೆ ಬರಲಿಲ್ಲ. ನಾನು ಹೊರಡುವಾಗ ದೊಡ್ಡಮ್ಮ ಅಂಗಳದ ಮೂಲೆಯನ್ನು ಕಣ್ಣಿನಲ್ಲೇ ತೋರಿಸಿದರು. ತುಳಸಿಕಟ್ಟೆಯ ಆಚೆ ಒಂದು ಹಳೆಯ ಕಡೆಯುವ ಕಲ್ಲು ಬಿಟ್ಟರೆ ಅಲ್ಲಿ ಎಂತದೂ ಇರಲಿಲ್ಲ. ನಾನು ಮಾತ್ರ ಸ್ಕೂಟಿಯನ್ನು ಆ ಬದಿಯಿಂದ ತಿರುಗಿಸಲಿಲ್ಲ. ಕೊರಳಿನ ಶಿಲುಬೆಯನ್ನು ಹಿಡಿದುಕೊಂಡೇ ಮನೆಗೆ ಬಂದೆ.

ಆಮೇಲೆ ಬಂತು ಒಂದು ಮದುವೆ. ಸಿದ್ಧಕಟ್ಟೆಯ ಮದುವೆ ಹಾಲ್, ಮಟಮಟ ಮಧ್ಯಾಹ್ನ. ಧಾರೆ ಮುಗಿದಿತ್ತು. ಊಟದ ಹಾಲ್‌ನಲ್ಲಿ ಮೇಜಿನ ಮೇಲೆ ಎಲೆ ಹಾಕಿ ಆಗಿತ್ತು. ಅಲ್ಲಿಗೆ ಬೇರೆ ಎರಡು ಸ್ಪೀಕರು ಬೇಕೆಂದು ಕೊನೆಯ ಗಳಿಗೆಯಲ್ಲಿ ಹೇಳಿದ್ದರಿಂದ ಇವರು ಗಡಿಬಿಡಿಯಲ್ಲಿ ಜೋಡಿಸಿ, ಎಂದಿನಂತೆ ಆ ಹಾಡನ್ನೇ ಸಣ್ಣಗೆ ಹಾಕಿದರು. ಅಷ್ಟರಲ್ಲಿ ಡೆಕೊರೇಶನಿನವನು ಫ್ಯೂಸು ಹೋಯಿತೆಂದು ಕೂಗಿದ. ಇವರು ಹೋದರು. ನನಗೆ ಇದು ಗೊತ್ತಿಲ್ಲ. ನಾನು ಸ್ಟೇಜಿನಿಂದ ನನ್ನ ಚಂದದ ಸ್ವರದಲ್ಲಿ, "ಬಂಧುಗಳೆಲ್ಲರೂ ಭೋಜನಕ್ಕೆ ದಯಮಾಡಿಸಬೇಕು" ಎಂದೆ. ಜನ ಎದ್ದು ಊಟದ ಹಾಲ್‌ನ ಬಾಗಿಲಿಗೆ ಬಂದರು.

ಒಳಗಿನಿಂದ ಉತ್ತರ ಕೊಟ್ಟ ಹಾಗೆ ಆ ಸ್ವರ ಬಂತು. "ತನಿಯಪ್ಪಜ್ಜೇರೇ... ದೂಮಕ್ಕೇ... ಐತಪ್ಪ ಮಾಮಾ... ಒಣಸ್‌ಗ್ ಬಲೇ..."

ನಮ್ಮ ಊರಿನಲ್ಲಿ ಆ ರಾಗ ಗೊತ್ತಿಲ್ಲದವರು ಯಾರು? ಊಟಕ್ಕೆ ಜೀವ ಇದ್ದವರನ್ನು ಕರೆಯುವ ರಾಗ ಬೇರೆ, ಇದು ಬೇರೆ. ಎಲ್ಲರೂ ಹೊಸ್ತಿಲಲ್ಲಿ ನಿಂತುಬಿಟ್ಟರು. ನಾನೂ ಮೈಕು ಹಿಡಿದುಕೊಂಡೇ ಸ್ಟೇಜಿನಿಂದ ಇಳಿದು ಅಲ್ಲಿಗೆ ಓಡಿದೆ. ಒಳಗೆ ಉದ್ದಕ್ಕೆ ಹಾಕಿದ ಎಲೆಗಳು, ಖಾಲಿ ಬೆಂಚುಗಳು, ಮೇಲೆ ತಿರುಗುವ ಫ್ಯಾನು. ಎಲೆಗಳ ತುದಿಗಳು ಒಂದರ ನಂತರ ಒಂದು ಅಲುಗುತ್ತಿದ್ದವು, ಯಾರೋ ಸಾಲಾಗಿ ಬಂದು ಕೂರುವ ಹಾಗೆ. ಫ್ಯಾನಿನ ಗಾಳಿ ಎಂದು ನನಗೂ ಗೊತ್ತು. ಆದರೂ ಒಬ್ಬರೂ ಒಳಗೆ ಕಾಲಿಡಲಿಲ್ಲ. ಇನ್ನೂ ಕೇಡಾಗಲಿ ಎಂಬಂತೆ ಮದುಮಗಳ ತೀರಿಹೋದ ತಂದೆಯ ಹೆಸರೂ ಐತಪ್ಪ.

ಗಂಡಿನ ಕಡೆಯವರು ಬೊಬ್ಬೆ ಹಾಕಿದರು. "ಮದುವೆ ಮನೆಗೆ ಕುಲೆಗಳನ್ನು ಕರೀಲಿಕ್ಕೆ ಇವನಿಗೆ ಎಂತ ಮರ್ಲಾ? ಹಿಡೀರಿ ಅವನನ್ನು!" ಕುಲೆ ಎಂದರೆ ಸತ್ತವರು, ಮರ್ಲು ಎಂದರೆ ಹುಚ್ಚು. ಇವರು ಓಡಿ ಬಂದು ವಯರನ್ನೇ ಕಿತ್ತರು. ಕೈ ಮುಗಿದರು. ಏನೋ ಹೇಳಿದರು, ಆ ಪಿಸುದನಿ ಯಾರಿಗೆ ಕೇಳಬೇಕು?

ಆಗ ಮದುಮಗಳ ತಾಯಿ ಮುಂದೆ ಬಂದರು. ಅವರು ಬೈಯಲಿಲ್ಲ. ಬಡಿಸುವವನ ಹತ್ತಿರ, "ಆ ಮೂಲೆಯ ಎಲೆಗೆ ಮೊದಲು ಬಡಿಸು. ಕರೆದಾಗಿದೆಯಲ್ಲ, ಅವರು ಬಂದಿರ್ತಾರೆ" ಎಂದರು. ಸೆರಗಿನಿಂದ ಕಣ್ಣೊರಸಿಕೊಂಡು ತಾವೇ ನಿಂತು ಬಡಿಸಿದರು. ನಂತರ ಜನ ಉಂಡರು. ಆ ಸಾಲಿನಲ್ಲಿ ಮಾತ್ರ ಯಾರೂ ಕೂರಲಿಲ್ಲ.

ಅಂದು ಸಾಮಾನು ಕಟ್ಟುವಾಗ ನಾನು ಅವರಿಗೆ ಸರಿಯಾಗಿ ಬೈದೆ. ಬೈಯದೆ ಬಿಡುವ ಜನ ನಾನಲ್ಲ. "ನೀವು ಓದಿದವರು. ನಿಮ್ಮ ಅಮ್ಮನನ್ನು ಹಾದಿ ಬೀದಿಯಲ್ಲಿ ಹೀಗೆ ಕೂಗಿಸುವುದಕ್ಕಿಂತ ಒಮ್ಮೆ ಮನೆಯೊಳಗೆ ಕರೆದು ಉಣ್ಣಿಸಬಾರದಾ? ಆ ಮುದುಕಿಯ ಮುಖ ನೋಡಿಯಾದರೂ? ಸ್ವರ ಇಲ್ಲ ಎಂದು ಸುಳ್ಳು ಬೇರೆ!"

ಅವರು ಪಿಕಪ್ಪಿನ ಬಾಗಿಲಿಗೆ ಒರಗಿ ಟೊಪ್ಪಿ ತೆಗೆದರು. ಅವರು ಟೊಪ್ಪಿ ತೆಗೆದದ್ದನ್ನು ನಾನು ನೋಡಿದ್ದು ಅಂದೇ. ಕೂದಲು ಪೂರ್ತಿ ಬಿಳಿ.

"ಸ್ವರ ಉಂಟು ಟೀಚರ್" ಎಂದರು. "ಕರೆದರೆ ಅಮ್ಮ ಸತ್ತವರ ಪಂಕ್ತಿಯಲ್ಲಿ ಕೂತ ಹಾಗೆ. ನಾನೇ ಕೈ ಹಿಡಿದು ಕೂರಿಸಿದ ಹಾಗೆ. ಈಗಾದರೆ ಕರೀತಾ ಇದ್ದಾಳಲ್ಲ ಅವಳು? ಕರೆಯುವವಳು ಸತ್ತವಳಲ್ಲ. ಫೋನು ಕಟ್ಟಾಗಿದೆ, ನೆಟ್‌ವರ್ಕ್ ಬಂದರೆ ಮುಂದಿನ ಮಾತು ಬರ್ತದೆ. ನಾನು ಹಾಗೆ ಇದ್ದೇನೆ. ನನ್ನನ್ನು ಹಾಗೇ ಇರಲಿಕ್ಕೆ ಬಿಡಿ."

ನವೆಂಬರಿನ ಸತ್ತವರ ದಿನ ನನ್ನ ಅಮ್ಮನ ಗೋರಿಯ ಮೇಲೆ ಮೊಂಬತ್ತಿ ಹಚ್ಚುವಾಗ ನಾನೂ ಕಲ್ಲಿನ ಮೇಲಿನ ಹೆಸರು ಓದುವುದಿಲ್ಲ. ಅಯ್ಯೋ ಪಾಪವೇ ಅನ್ನಿಸಿತು. ಅವರ ತೋಳು ಮುಟ್ಟಿ, "ಆಯ್ತು, ಚಾ ಕುಡಿಯುವ ಬನ್ನಿ" ಎಂದೆ.

ಮದುವೆಗಳಿಗೆ ಅವರನ್ನು ಕರೆಯುವುದು ಆಮೇಲೆ ನಿಂತೇ ಹೋಯಿತು. ಭಾಷಣದ ಸಭೆಗಳಿಗೆ ಮಾತ್ರ ಬರುತ್ತಿದ್ದರು. ಪರೀಕ್ಷೆಗೆ ಬೇರೆ ಹಾಡು ಹಾಕುತ್ತಿದ್ದರು, ಕಿವಿಯಲ್ಲಿ ಮಾತ್ರ ಅದನ್ನೇ ಕೇಳುತ್ತಿದ್ದರೆಂದು ನನ್ನ ಅಂದಾಜು. ಈ ವರ್ಷದ ಬೇಸಿಗೆಯಲ್ಲಿ ಎದೆನೋವೆಂದು ಬಂಟ್ವಾಳದ ಆಸ್ಪತ್ರೆಗೆ ಸೇರಿದವರು ಮನೆಗೆ ಬರಲಿಲ್ಲ. ಮದುವೆಯಾದವರಲ್ಲ, ಮಕ್ಕಳಿಲ್ಲ. ಸುದ್ದಿ ಕೇಳಿದ ದಿನ ನಾನೊಂದು ಉದ್ಘಾಟನೆಯಲ್ಲಿದ್ದೆ. ಬಲಬದಿಯ ಕುರ್ಚಿಯಲ್ಲಿ ಬೇರೆ ಯಾರೋ ಕೂತು ಮೊಬೈಲು ನೋಡುತ್ತಿದ್ದ. ನನ್ನ ಸ್ವರ ಆ ದಿನ ಎಲ್ಲಿಗೂ ಮುಟ್ಟಲಿಲ್ಲ ಅನ್ನಿಸಿ ಮನೆಗೆ ಬಂದು ಅತ್ತೆ.

ಆಟಿ ಬಂತು. ದೊಡ್ಡಮ್ಮ ನೆರೆಯವರಿಂದ ಫೋನು ಮಾಡಿಸಿದರು. ಹೋದೆ.

"ಈಗ ಇಬ್ಬರು ಹೊರಗೆ ನಿಂತಿದ್ದಾರೆ ಟೀಚರ್" ಎಂದರು ಅವರು. ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದರು. "ನಾನು ಹಿರಿಯಳು, ಇಬ್ಬರನ್ನೂ ಕರೆಯುವಂತಿಲ್ಲ. ನಾನು ಸತ್ತರೆ ಈ ಮನೆಗೆ ಬೀಗ. ಆಮೇಲೆ ಇವರು ಯಾವ ಅಂಗಳದಲ್ಲಿ ನಿಲ್ಲಬೇಕು? ಅವನನ್ನು ನೀವು ಕರೀಬೇಕು."

"ನಾನಾ? ನಾನು ಕ್ರಿಸ್ತುವಳು ದೊಡ್ಡಮ್ಮ! ನಿಮ್ಮ ನೆಂಟರು ಯಾರಾದರೂ..."

"ನೆಂಟರ ಸ್ವರ ಅವನಿಗೆ ಎಲ್ಲಿ ಗುರುತುಂಟು? ಅಷ್ಟು ವರ್ಷ ಕಿವಿಗೆ ಹಾಕಿಕೊಂಡು ಕೂತದ್ದು ನಿಮ್ಮ ಸ್ವರವನ್ನು. ಊರಿಡೀ ಕಂಡಕಂಡವರನ್ನು ಸ್ಟೇಜಿಗೆ ಕರೀತೀರಿ. ಇವನೊಬ್ಬನನ್ನು ಒಳಗೆ ಕರೀಲಿಕ್ಕೆ ಆಗುವುದಿಲ್ಲವಾ?"

ನಮ್ಮ ಫಾದರಿಗೆ ಎಂತ ಹೇಳುವುದು ಎಂದು ಯೋಚಿಸಿದೆ. ಆಮೇಲೆ ಯೋಚಿಸುವುದನ್ನು ಬಿಟ್ಟೆ.

ಮುಸ್ಸಂಜೆ. ಸ್ಪೀಕರುಗಳನ್ನೆಲ್ಲ ಯಾರೋ ಕೊಂಡುಹೋಗಿದ್ದರು, ಖಾಲಿ ಗೋಡೌನಿನ ಪಕ್ಕದ ಕೋಣೆಯಲ್ಲಿ ದೀಪ. ಎರಡು ಎಲೆ. ದೊಡ್ಡಮ್ಮ ಕೋಳಿ, ಕಡುಬು ಬಡಿಸಿದರು. ನಾನು ಹೊಸ್ತಿಲಲ್ಲಿ ಅಂಗಳಕ್ಕೆ ಮುಖ ಮಾಡಿ ನಿಂತೆ. ಮೈಕಿಲ್ಲದೆ ನನ್ನ ಸ್ವರ ಎಷ್ಟು ಸಣ್ಣದು ಎಂದು ಆಗ ಗೊತ್ತಾಯಿತು. ಅವರ ಹೆಸರು ಹಿಡಿದು ಕರೆದೆ. "ಒಳಗೆ ಬನ್ನಿ. ಊಟಕ್ಕೆ ಬನ್ನಿ." ಗೌರವಾನ್ವಿತ, ಆತ್ಮೀಯ ಎಂದೆಲ್ಲ ಏನೂ ಸೇರಿಸಲಿಲ್ಲ. ಹೀಗೆ ಕರೆದು ಕಳಿಸಿಕೊಟ್ಟವರ ಹೆಸರನ್ನು ಮತ್ತೆ ಸುಮ್ಮಸುಮ್ಮನೆ ಎತ್ತಬಾರದೆಂದು ದೊಡ್ಡಮ್ಮ ಹೇಳಿದ್ದಾರೆ. ಇಲ್ಲಿ ಬರೆಯದೆ ಇದ್ದದ್ದು ಅದಕ್ಕೆ.

ಬಾಗಿಲು ಹಾಕಿ ಇಬ್ಬರೂ ಜಗಲಿಯಲ್ಲಿ ಕೂತೆವು. ದೊಡ್ಡಮ್ಮ ನನ್ನ ಕಿವಿಯ ಹತ್ತಿರ ಬಾಗಿದರು. "ಇನ್ನು ಅವನು ಅವಳನ್ನು ಕರೀಬೇಕು. ಜೀವ ಇರುವಾಗ ಕರೆಯಲಿಲ್ಲ, ಈಗಲಾದರೂ ಕರೀಬೇಕಲ್ಲ. ನನಗೆ ಕೇಳುವುದಿಲ್ಲ. ನೀವು ಕಿವಿ ಕೊಡಿ."

ಕಿವಿ ಕೊಟ್ಟೆ. ಸೂರಿನ ನೀರು ತೊಟ್ಟಿಕ್ಕುತ್ತಿತ್ತು. ರಸ್ತೆಯಲ್ಲಿ ಮೂಡುಬಿದಿರೆಯ ಬಸ್ಸು ಹೋಯಿತು. ಎದುರುಮನೆಯ ನಾಯಿ ಗೇಟಿನ ಬಳಿ ಸುಮ್ಮನೆ ಬೊಗಳುತ್ತಿತ್ತು. ಬಾಗಿಲಿನ ಹಿಂದೆ ಏನೂ ಇಲ್ಲ. ಉಸಿರಿನಷ್ಟೂ ಇಲ್ಲ.

"ಕರೆದನಾ?" ಎಂದರು ದೊಡ್ಡಮ್ಮ.

ನಾನು ಬಾಗಿಲನ್ನು ನೋಡಿದೆ. ಅವರು ನನ್ನ ಬಾಯಿಯನ್ನು ನೋಡುತ್ತಿದ್ದರು. ಎರಡೂ ಕೈಗಳಿಂದ ನನ್ನ ಮಣಿಕಟ್ಟನ್ನು ಹಿಡಿದಿದ್ದರು.

"ಕರೆದರು ದೊಡ್ಡಮ್ಮ" ಎಂದೆ.

"ಹೇಗೆ ಕರೆದ?"

ಬರೀ ಮಾತಿನಲ್ಲಿ ಹೇಳಿಬಿಡಬೇಕು ಎಂದೇ ನಾನು ಬಾಯಿ ತೆರೆದದ್ದು. ದೇವರಾಣೆಗೂ ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಹೊಟ್ಟೆಯ ಬುಡದಿಂದ ಎಂತದೋ ಕಿತ್ತುಕೊಂಡು ಮೇಲೆ ಬಂತು. ಗಂಟಲು ಸೀಳಿದ ಹಾಗಾಯಿತು. "ಅಮ್ಮಾ! ಉಳಾಯಿ ಬಲ!" ಒಳಗೆ ಬಾ ಎಂದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವವಳು ನಾನು. ಅಂಥ ತುಳು, ಅಂಥ ಕಿರುಚಾಟ, ಅಂಥ ಗಂಡು ದನಿ ನನ್ನ ಬಾಯಿಂದ ಹಿಂದೆಯೂ ಬಂದಿಲ್ಲ, ಆಮೇಲೂ ಬಂದಿಲ್ಲ. ಎದುರುಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿ ನೆಲಕ್ಕೆ ಹೊಟ್ಟೆಯಿಟ್ಟು ಮಲಗಿತು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ದೊಡ್ಡಮ್ಮ ಹೆದರಲಿಲ್ಲ. ಅವರಿಗೆ ಕೇಳಿತ್ತು. ಮುಖದ ಸಿಟ್ಟೆಲ್ಲ ಇಳಿದು ಹೋಯಿತು.

"ಹೌದು, ಅವನೇ" ಎಂದರು.

ಸ್ವಲ್ಪ ಹೊತ್ತು ಕೂತರು, ಉಣ್ಣುವವರಿಗೆ ಬೇಕಾದಷ್ಟು. ಮತ್ತೆ ನನ್ನ ಭುಜ ಹಿಡಿದು ಎದ್ದು ಬಾಗಿಲು ತೆರೆದರು. ಒಳಗೆ ನೋಡಿ, ಮದುವೆಗೆ ಬಂದ ನೆಂಟರನ್ನು ಬಸ್ಸಿಗೆ ಹತ್ತಿಸುವ ಸ್ವರದಲ್ಲಿ ಹೇಳಿದರು: "ಉಂಡಾಯಿತಲ್ಲ. ಕತ್ತಲಾಗ್ತದೆ, ಇನ್ನು ಇಬ್ಬರೂ ಹೊರಡಿ ಮಕ್ಕಳೇ."